ವರ್ಷಕ್ಕೊಂದು ದೇವವಾಕ್ಯ: ಆಯ್ಕೆ ಮತ್ತು ವಿವೇಚನೆ

ಡಿಸೆಂಬರ್ 31ರ ರಾತ್ರಿಯ ಬಲಿಪೂಜೆಯ ತರುವಾಯ ಬೈಬಲ್ ವಚನಗಳ ಚೀಟಿಗಳನ್ನು ತಟ್ಟೆಯಲ್ಲಿರಿಸಿ, ಭಕ್ತರು ಒಬ್ಬೊಬ್ಬರಾಗಿ ಬಂದು ತಮ್ಮ ಪಾಲಿನದನ್ನು ಎತ್ತಿಕೊಳ್ಳುವ ವಾಡಿಕೆ ನಮ್ಮ ಕೆಲವು ಧರ್ಮಕೇಂದ್ರಗಳಲ್ಲಿಯೂ ಕಾಣಿಸಿಕೊಂಡಿದೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಇದು ‘ವಾಗ್ದಾನ ವಚನ’ವೆಂದು ಪರಿಚಿತ. ಯುವಜನರಲ್ಲಿ ಹಲವರು ಇಡೀ ವಚನದ ಬದಲು ‘ಕ್ಷಮೆ’, ‘ಮೌನ’, ‘ಭರವಸೆ’ ಎಂಬಂಥ ಒಂದೇ ಪದವನ್ನು ವರ್ಷದ ಮಾರ್ಗದರ್ಶಿಯಾಗಿ ಆರಿಸಿಕೊಳ್ಳುತ್ತಾರೆ. ಇದನ್ನು ಬಾಲಿಶವೆಂದು ತಳ್ಳಿಹಾಕುವ ಗುರುಗಳಿದ್ದಾರೆ. ಜನ ಸೇರುತ್ತಾರೆಂಬ ಕಾರಣಕ್ಕೆ ಪ್ರೋತ್ಸಾಹಿಸುವವರೂ ಇದ್ದಾರೆ. ಇವೆರಡರಲ್ಲಿ ಯಾವುದೂ ದೈವಶಾಸ್ತ್ರೀಯ ನಿಲುವಲ್ಲ.

ಒಂದು ವಾಕ್ಯವನ್ನು ಹಿಡಿದು ಬಾಳುವುದು ಧರ್ಮಸಭೆಗೆ ಹೊಸದೇನಲ್ಲ. ಈಜಿಪ್ಟಿನ ಮರುಭೂಮಿಯ ತಪಸ್ವಿಗಳ ಬಳಿಗೆ ಬಂದವರು ಬೇಡುತ್ತಿದ್ದುದು ಉಪದೇಶಮಾಲೆಯನ್ನಲ್ಲ, ಒಂದು ಮಾತನ್ನು. ಸಂತ ಜಾನ್ ಕ್ಯಾಸಿಯನ್ ತನ್ನ ಹತ್ತನೆಯ ಸಂವಾದದಲ್ಲಿ ಅಬ್ಬಾ ಐಸಾಕನ ಬೋಧನೆಯನ್ನು ದಾಖಲಿಸುತ್ತಾನೆ: ದೇವರನ್ನು ನೆರವಿಗೆ ಕರೆಯುವ 70ನೆಯ ಕೀರ್ತನೆಯ ಮೊದಲ ವಚನವನ್ನು ಹಸಿವಿನಲ್ಲಿ, ನಿದ್ರೆ ಬಾರದ ಇರುಳಿನಲ್ಲಿ, ಕೋಪದಲ್ಲಿ, ಸಂತೋಷದಲ್ಲಿ ಒಂದೇ ಸಮನೆ ಜಪಿಸಬೇಕು. ಯಾಮಪ್ರಾರ್ಥನೆ ಇಂದಿಗೂ ಆರಂಭವಾಗುವುದು ಅದೇ ವಚನದಿಂದ. (ದಿನಕ್ಕೆ ಹಲವು ಬಾರಿ ಅದನ್ನು ಹೇಳುವ ನಾವು ಅದರ ಮೇಲೆ ಎಷ್ಟು ಹೊತ್ತು ನಿಲ್ಲುತ್ತೇವೆಂಬುದು ಬೇರೆ ಮಾತು.) ಸಂತ ಅಂತೋಣಿಯಾದರೋ ಗ್ರಂಥವನ್ನು ತೆರೆದು ವಚನ ಹುಡುಕಿದವನಲ್ಲ. ದೇವಾಲಯವನ್ನು ಪ್ರವೇಶಿಸಿದಾಗ ಓದಲಾಗುತ್ತಿದ್ದ ಶುಭಸಂದೇಶದಲ್ಲಿ, ಆಸ್ತಿಯನ್ನು ಮಾರಿ ಬಡವರಿಗೆ ಕೊಡೆಂಬ ಪ್ರಭುವಿನ ಮಾತು ಅವನ ಕಿವಿಗೆ ಬಿದ್ದಿತು. ಸಭೆಯ ಸಾಮೂಹಿಕ ವಾಚನವೇ ಅವನ ವೈಯಕ್ತಿಕ ಕರೆಯಾಯಿತು.

ಆದರೆ ಪವಿತ್ರ ಗ್ರಂಥವನ್ನು ಶಕುನ ನೋಡುವ ಸಾಧನವಾಗಿಸುವುದನ್ನು ಅದೇ ಧರ್ಮಸಭೆ ಖಂಡಿಸಿದೆ. 506ರಲ್ಲಿ ದಕ್ಷಿಣ ಗಾಲ್ ಪ್ರಾಂತ್ಯದ ಆಗ್ಡ್ ನಗರದಲ್ಲಿ ಸೇರಿದ ಸಭೆಯು, ಗ್ರಂಥದ ಪುಟ ತೆರೆದು ಭವಿಷ್ಯ ಹೇಳುವವರನ್ನು, ಅವರು ಗುರುಗಳಾಗಿರಲಿ ಶ್ರೀಸಾಮಾನ್ಯರಾಗಿರಲಿ, ಬಹಿಷ್ಕರಿಸಬೇಕೆಂದು ವಿಧಿಸಿತು. ಅದಕ್ಕೂ ಮೊದಲೇ ಸಂತ ಅಗಸ್ಟೀನನು ಜನುಆರಿಯಸನಿಗೆ ಬರೆದ 55ನೆಯ ಪತ್ರದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದನು. ದೆವ್ವಗಳನ್ನು ಕೇಳಹೋಗುವುದಕ್ಕಿಂತ ಇದು ಮೇಲೆಂದು ಒಪ್ಪಿದರೂ, ನಿತ್ಯಜೀವವನ್ನು ಕುರಿತ ದೇವವಾಣಿಯನ್ನು ಲೌಕಿಕ ವ್ಯವಹಾರಗಳಿಗೆ ಬಳಸುವುದು ತನಗೆ ಹಿಡಿಸದೆಂದನು. 386ರಲ್ಲಿ ಮಿಲಾನಿನ ತೋಟದಲ್ಲಿ ಪೌಲನ ಪತ್ರಗಳನ್ನು ತೆರೆದು ಕಣ್ಣಿಗೆ ಬಿದ್ದುದನ್ನು ಓದಿದವನೇ ಹೀಗೆ ಹೇಳುತ್ತಿದ್ದಾನಲ್ಲ ಎಂಬ ಆಕ್ಷೇಪವು ಸಹಜ. ವ್ಯತ್ಯಾಸವಿರುವುದು ಅವನು ಓದಿದ ವಚನದಲ್ಲಿಯೇ. ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯದ ಆ ಸಾಲುಗಳು ಅವನಿಗೆ ಏನನ್ನೂ ಮುನ್ನುಡಿಯಲಿಲ್ಲ. ಅವನು ಬಿಡಲೊಲ್ಲದಿದ್ದ ಬಾಳನ್ನು ಬಿಡೆಂದು ಕೇಳಿದವು.

ಚೀಟಿ ಎತ್ತುವ ಪದ್ಧತಿಯನ್ನೇ ವಿವೇಚನೆಯೊಂದಿಗೆ ಉಳಿಸಿಕೊಂಡ ಸಮುದಾಯವೊಂದಿದೆ. 1728ರ ಮೇ 3ರಂದು ಜರ್ಮನಿಯ ಹೆರ್ನ್‌ಹುಟ್ ಗ್ರಾಮದಲ್ಲಿ ಮೊರೇವಿಯನ್ ಸಭೆಯ ನಾಯಕ ಜಿನ್ಸೆಂಡಾರ್ಫನು ಮರುದಿನಕ್ಕೆಂದು ಒಂದು ವಾಕ್ಯವನ್ನು ನೀಡಿದನು. ಅಂಥ ವಾಕ್ಯವನ್ನು ಮನೆಮನೆಗೆ ಮುಟ್ಟಿಸುವ ಕ್ರಮ ಬೆಳೆಯಿತು. 1731ರಿಂದ ಅದು ಪುಸ್ತಕವಾಗಿ ಪ್ರಕಟವಾಗುತ್ತಿದೆ. ಇಂದಿಗೂ ಹಳೆಯ ಒಡಂಬಡಿಕೆಯ ವಚನವನ್ನು ಚೀಟಿಯಿಂದ ಎತ್ತಲಾಗುತ್ತದೆ, ಆದರೆ ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಓದಿ, ವಿಚಾರಮಾಡಿ ಆರಿಸಲಾಗುತ್ತದೆ. ಚೀಟಿಯ ವಚನವನ್ನು ಒಂಟಿಯಾಗಿ ಬಿಡುವುದಿಲ್ಲವೆಂಬುದು ಗಮನಾರ್ಹ. ಜರ್ಮನಿಯಲ್ಲಿ 1930ರಿಂದ ನಡೆದುಬಂದಿರುವ ‘ವರ್ಷದ ವಾಕ್ಯ’ದ ಆಯ್ಕೆಯಲ್ಲಿ ಚೀಟಿಗೆ ಸ್ಥಾನವೇ ಇಲ್ಲ. ಕಥೋಲಿಕರೂ ಸದಸ್ಯರಾಗಿರುವ ಕ್ರೈಸ್ತೈಕ್ಯ ಮಂಡಳಿಯೊಂದು ಹಲವು ವರ್ಷ ಮುಂಚಿತವಾಗಿಯೇ ಚರ್ಚಿಸಿ ಅದನ್ನು ನಿರ್ಣಯಿಸುತ್ತದೆ. ಆಯಾ ವರ್ಷ ಏನು ನಡೆಯಲಿದೆಯೆಂದು ಆಗ ಯಾರಿಗೂ ತಿಳಿದಿರುವುದಿಲ್ಲ. ಹಾಗಾಗಿ ಅದನ್ನು ಭವಿಷ್ಯವಾಣಿಯೆಂದು ಭ್ರಮಿಸುವ ಪ್ರಸಂಗವೂ ಕಡಿಮೆ.

ನಮ್ಮಲ್ಲಿಯ ತೊಡಕು ಎಲ್ಲಿದೆಯೆಂಬುದನ್ನು ಯೆರೆಮೀಯನ ಗ್ರಂಥದ 29:11 ಸ್ಪಷ್ಟಪಡಿಸುತ್ತದೆ. ಹೊಸ ವರ್ಷದ ಶುಭಾಶಯ ಪತ್ರಗಳಲ್ಲಿ ಇದಕ್ಕಿಂತ ಪ್ರಿಯವಾದ ವಚನ ವಿರಳ: ದೇವರ ಯೋಜನೆಗಳು ಕೇಡಿಗಲ್ಲ, ಹಿತಕ್ಕಾಗಿ. ಆದರೆ ಅದರ ಹಿಂದಿನ ವಚನವನ್ನು ಯಾವ ಶುಭಾಶಯ ಪತ್ರವೂ ಅಚ್ಚುಹಾಕುವುದಿಲ್ಲ. ಆ ಹಿತ ಕೈಗೂಡುವುದು ಬಾಬಿಲೋನಿಗೆ ಎಪ್ಪತ್ತು ವರ್ಷ ತುಂಬಿದ ಮೇಲೆ. ಅಂದರೆ ಪತ್ರವನ್ನು ಕೇಳಿಸಿಕೊಂಡ ವಯಸ್ಕರಲ್ಲಿ ಬಹುತೇಕರು ತಾಯ್ನಾಡನ್ನು ಮತ್ತೆ ಕಾಣುವಂತಿರಲಿಲ್ಲ. ಅವರಿಗೆ ಬಂದ ಆಜ್ಞೆ, ಮನೆ ಕಟ್ಟಿರಿ, ತೋಟ ನೆಡಿರಿ, ನಿಮ್ಮನ್ನು ಸೆರೆಯೊಯ್ದ ನಗರದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬುದು. ಇದಕ್ಕೆ ಮುಂಚಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ಎರಡೇ ವರ್ಷಗಳಲ್ಲಿ ಎಲ್ಲವೂ ಮರಳಿ ಬರುವುದೆಂದು ಸಾರುತ್ತಾನೆ. ಜನರು ಕೇಳಬಯಸಿದ್ದ ವಾಕ್ಯ ಅದೇ ಆಗಿತ್ತು. ಅದೇ ವರ್ಷದ ಏಳನೆಯ ತಿಂಗಳಲ್ಲಿ ಹನನ್ಯ ಸತ್ತನು. ಯೆರೆಮೀಯನ ವಚನವನ್ನು ಹನನ್ಯನ ದನಿಯಲ್ಲಿ ಓದುವ ಅಪಾಯ ನಮ್ಮ ಚೀಟಿಗಳ ತಟ್ಟೆಯಲ್ಲಿದೆ.

ಇದರ ಪರಿಣಾಮವನ್ನು ಎದುರಿಸಬೇಕಾದವರು ಗುರುಗಳೇ. ಜನವರಿಯಲ್ಲಿ ಆರೋಗ್ಯದ ವಚನವನ್ನು ಎತ್ತಿಕೊಂಡ ಮನೆಯಿಂದ ಆಗಸ್ಟಿನಲ್ಲಿ ಶವಪೆಟ್ಟಿಗೆ ಹೊರಟರೆ, ಆ ತಾಯಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರಬಹುದು: ದೇವರು ಮಾತು ತಪ್ಪಿದರು, ಇಲ್ಲವೆ ತನ್ನ ವಿಶ್ವಾಸ ಸಾಲದೆ ಹೋಯಿತು. ಎರಡನೆಯದು ಹೆಚ್ಚು ಕ್ರೂರ, ಮತ್ತು ಅದನ್ನು ಆಕೆಯ ಹೆಗಲಿಗೆ ಹೊರಿಸಿದ್ದು ನಾವೇ ಹಿಡಿದ ತಟ್ಟೆ. ಅಂಥ ಸಂದರ್ಭದಲ್ಲಿ ಆ ವಚನವನ್ನು ಸಮರ್ಥಿಸಲು ಹೊರಡಬಾರದು. 88ನೆಯ ಕೀರ್ತನೆಯನ್ನು ಆಕೆಯೊಡನೆ ಕುಳಿತು ಓದುವುದು ಲೇಸು. ಕತ್ತಲೆಯಲ್ಲಿಯೇ ಮುಗಿಯುವ ಆ ಪ್ರಾರ್ಥನೆಯೂ ದೇವವಾಕ್ಯವೇ.

ಹಾಗಾದರೆ ಆಯ್ಕೆಯ ಬಗೆ ಯಾವುದು? ಗ್ರಂಥದ ಭಾಗವನ್ನು ಇಡೀ ಗ್ರಂಥದ ಏಕತೆಯಲ್ಲಿ ಓದಬೇಕೆಂಬ ‘ದೇಯಿ ವೆರ್ಬುಮ್’ನ 12ನೆಯ ವಿಭಾಗದ ಸೂಚನೆ ಇಲ್ಲಿಯೂ ಸಲ್ಲುತ್ತದೆ. ಪೂಜಾವರ್ಷ ಆರಂಭವಾಗುವುದು ಆಗಮನ ಕಾಲದಲ್ಲಿ. ಆ ನಾಲ್ಕು ಭಾನುವಾರಗಳ ವಾಚನಗಳನ್ನು ನಿಧಾನವಾಗಿ ಓದುತ್ತ, ಮನಸ್ಸು ಮತ್ತೆಮತ್ತೆ ತಡೆದು ನಿಲ್ಲುವ ವಚನವನ್ನು ಗುರುತಿಸಿಕೊಂಡು, ಆಧ್ಯಾತ್ಮಿಕ ಮಾರ್ಗದರ್ಶಕರ ಮುಂದಿಡುವುದು ಯೋಗ್ಯ. ಹಿತವೆನಿಸಿದ ವಚನಕ್ಕಿಂತ ತುಸು ಕಸಿವಿಸಿ ತಂದ ವಚನವನ್ನು ನಾವು ಹೆಚ್ಚು ನಂಬುತ್ತೇವೆ. ಒಂಟಿ ಪದವನ್ನು ಆರಿಸಿಕೊಂಡವರು ಅದು ಬರುವ ಒಂದು ಗ್ರಂಥಭಾಗವನ್ನೂ ಜೊತೆಗಿಟ್ಟುಕೊಳ್ಳಲಿ. ಇಲ್ಲವಾದರೆ ‘ಭರವಸೆ’ ಎಂಬುದು ನಾವು ಬಯಸಿದ ಅರ್ಥವನ್ನೆಲ್ಲ ತಳೆಯುತ್ತದೆ. ಜನವರಿ 1ರ ಶುಭಸಂದೇಶದಲ್ಲಿ ಮರಿಯಮ್ಮನವರು ಕುರುಬರ ಮಾತುಗಳನ್ನು ಹೃದಯದಲ್ಲಿಟ್ಟು ಮನನ ಮಾಡುತ್ತಾರೆ. ಲೂಕನು ಅಲ್ಲಿ ಬಳಸಿದ ಗ್ರೀಕ್ ಕ್ರಿಯಾಪದಕ್ಕೆ ಒಂದರ ಪಕ್ಕ ಒಂದನ್ನಿರಿಸುವುದು ಎಂಬ ಮೂಲಾರ್ಥವಿದೆ. ವರ್ಷದ ವಾಕ್ಯದಿಂದ ನಡೆಯಬೇಕಾದ ಕೆಲಸವೂ ಇಂಥದ್ದೇ; ತಿಂಗಳಿಗೊಮ್ಮೆ, ಪಾಪನಿವೇದನೆಯ ಹಿಂದಿನ ಸಂಜೆ, ನಡೆದುದರ ಪಕ್ಕದಲ್ಲಿ ಅದನ್ನಿಟ್ಟು ನೋಡಬಹುದು.

ತಟ್ಟೆಯ ವಾಡಿಕೆ ಈಗಾಗಲೇ ಇರುವಲ್ಲಿ ಅದನ್ನು ಏಕಾಏಕಿ ನಿಲ್ಲಿಸಬೇಕಿಲ್ಲ. ಚೀಟಿಗಳನ್ನು ಬರೆಯುವ ಕೆಲಸವನ್ನು ಗುರುಗಳೇ ವಹಿಸಿಕೊಳ್ಳಲಿ. ವಾಗ್ದಾನಗಳೊಡನೆ ಆಜ್ಞೆಗಳೂ ಪ್ರಲಾಪಗಳೂ ಇರಲಿ. ಪ್ರತಿ ಚೀಟಿಯ ಹಿಂಬದಿಯಲ್ಲಿ ಇಡೀ ಅಧ್ಯಾಯದ ಉಲ್ಲೇಖವನ್ನು ಬರೆದು, ಅದನ್ನು ಮನೆಯವರೆಲ್ಲ ಕೂಡಿ ಓದಿ ಮುಗಿಸುವಂತೆ ಅಂದಿನ ಪ್ರಬೋಧನೆಯಲ್ಲಿಯೇ ಹೇಳಲಿ.