ಬೆಂಬಲ ನಿಂತ ಸ್ಮಾರ್ಟ್‌ಫೋನ್‌ನಲ್ಲಿ ಪೈಥಾನ್

ಬೆಂಬಲ ನಿಂತ ಸ್ಮಾರ್ಟ್‌ಫೋನ್‌ನಲ್ಲಿ ಪೈಥಾನ್ ಎಂಬುದು ತಯಾರಕರ ಅಥವಾ ಭಾಷೆಯ ನಿರ್ಮಾಪಕರ ಅಧಿಕೃತ ನೆರವಿಲ್ಲದ ದೂರವಾಣಿಯಲ್ಲಿ ಪೈಥಾನ್ ಭಾಷೆಯನ್ನು ಅಳವಡಿಸಿ, ಅದರಲ್ಲಿ ಪ್ರೋಗ್ರಾಂಗಳನ್ನು ಬರೆದು ನಡೆಸುವ ವಿಧಾನವಾಗಿದೆ. ಪೈಥಾನ್ ಸರ್ವೋದ್ದೇಶದ ಪ್ರೋಗ್ರಾಮಿಂಗ್ ಭಾಷೆ. ಗೀಡೋ ವಾನ್ ರೋಸಮ್ ಅವರು ಇದನ್ನು 1991ರಲ್ಲಿ ಬಿಡುಗಡೆ ಮಾಡಿದರು. ಕರ್ನಾಟಕದ ಪದವಿಪೂರ್ವ ಗಣಕವಿಜ್ಞಾನ ಪಠ್ಯದಲ್ಲಿಯೂ ಈಗ ಈ ಭಾಷೆಗೆ ಸ್ಥಾನವಿದೆ. ಗಣಕಯಂತ್ರವಿಲ್ಲದ ಮನೆಗಳಲ್ಲಿಯೂ ಬಳಕೆಯಿಂದ ಬಿಟ್ಟುಹೋದ ಒಂದು ದೂರವಾಣಿ ಇರುವುದು ಸಾಮಾನ್ಯವಾಗಿರುವುದರಿಂದ, ಕಾಲೇಜಿನ ಪ್ರಯೋಗಾಲಯದ ಹೊರಗೆ ಅಭ್ಯಾಸಕ್ಕೆ ಅವಕಾಶವಿಲ್ಲದ ವಿದ್ಯಾರ್ಥಿಗಳಿಗೆ ಈ ವಿಧಾನವು ಉಪಯುಕ್ತವಾಗಿದೆ.

ಬೆಂಬಲ ಎಂಬ ಪದಕ್ಕೆ ಇಲ್ಲಿ ಎರಡು ಅರ್ಥಗಳಿವೆ. ದೂರವಾಣಿಯ ತಯಾರಕರು ಕಾರ್ಯಾಚರಣಾ ವ್ಯವಸ್ಥೆಯ ಹೊಸ ಆವೃತ್ತಿಗಳನ್ನೂ ಸುರಕ್ಷತಾ ತಿದ್ದುಪಡಿಗಳನ್ನೂ ಕಳುಹಿಸುವುದನ್ನು ನಿಲ್ಲಿಸಿದಾಗ ಆ ದೂರವಾಣಿಗೆ ಬೆಂಬಲವಿಲ್ಲ ಎನ್ನುತ್ತಾರೆ. ಭಾಷೆಯನ್ನು ಅಭಿವೃದ್ಧಿಪಡಿಸುವವರು ಒಂದು ಬಗೆಯ ಯಂತ್ರವನ್ನು ತಮ್ಮ ಪಟ್ಟಿಯಲ್ಲಿ ಸೇರಿಸಿಕೊಳ್ಳದಿದ್ದರೆ ಅದೂ ಬೆಂಬಲವಿಲ್ಲದ ಯಂತ್ರವೇ. ಹಳೆಯ ಆಂಡ್ರಾಯ್ಡ್ ದೂರವಾಣಿಗಳಲ್ಲಿ ಹಲವಕ್ಕೆ ಈ ಎರಡೂ ಕೊರತೆಗಳಿವೆ. ಆದರೆ ಇವೆರಡೂ ಯಂತ್ರದ ಶಕ್ತಿಯ ಕೊರತೆಗಳಲ್ಲ ಎಂಬುದು ಗಮನಾರ್ಹ.

ಹಿನ್ನೆಲೆ

ಅಂಗೈಯಲ್ಲಿ ಹಿಡಿಯುವ ಸಾಧನವನ್ನು ಪೂರ್ಣ ಪ್ರಮಾಣದ ಗಣಕವನ್ನಾಗಿಸುವ ಪ್ರಯತ್ನ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯೊಡನೆ ಸೇರಿ ಸಿಂಪ್ಯೂಟರ್ ಎಂಬ ಸಾಧನವನ್ನು ರೂಪಿಸಿ, 2001ರಲ್ಲಿ ಅದರ ಮಾದರಿಯನ್ನು ಸಾರ್ವಜನಿಕರ ಮುಂದಿಟ್ಟರು. ಅದರ ಸಂಸ್ಕಾರಕದ ವೇಗ 206 ಮೆಗಾಹರ್ಟ್ಸ್. ಸ್ಮೃತಿ 32 ಅಥವಾ 64 ಮೆಗಾಬೈಟ್. ಅದು ಲಿನಕ್ಸ್ ವ್ಯವಸ್ಥೆಯ ಮೇಲೆ ನಡೆಯುತ್ತಿತ್ತು. ಬರಹವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಧ್ವನಿ ಎಂಬ ತಂತ್ರಾಂಶವೂ ಅದರಲ್ಲಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಲ್ಲಿ ಅಮೀಡಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದರೂ ಸಿಂಪ್ಯೂಟರ್ ವ್ಯಾಪಕವಾಗಿ ಮಾರಾಟವಾಗಲಿಲ್ಲ.

ಇದಕ್ಕೆ ಹೋಲಿಸಿದರೆ, 2014ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಬಿಡುಗಡೆಯಾದ ಅಗ್ಗದ ಆಂಡ್ರಾಯ್ಡ್ ಒನ್ ದೂರವಾಣಿಗಳಲ್ಲಿ 1.3 ಗಿಗಾಹರ್ಟ್ಸ್ ವೇಗದ ನಾಲ್ಕು ತಿರುಳುಗಳ ಸಂಸ್ಕಾರಕವೂ 1 ಗಿಗಾಬೈಟ್ ಸ್ಮೃತಿಯೂ ಇದ್ದವು. ಸ್ಮೃತಿಯೊಂದನ್ನೇ ಲೆಕ್ಕ ಹಾಕಿದರೂ ಇದು ದೊಡ್ಡ ಸಿಂಪ್ಯೂಟರ್‌ನ 16 ಪಟ್ಟು. ಇಂದು ನಿರುಪಯೋಗಿ ಎಂದು ಬದಿಗಿಟ್ಟ ದೂರವಾಣಿಯು ಅಂದು ವಿಜ್ಞಾನಿಗಳು ಬಯಸಿದ್ದಕ್ಕಿಂತ ಎಷ್ಟೋ ಸಮರ್ಥವಾದ ಗಣಕ.

ದೂರವಾಣಿಯಲ್ಲಿ ಪೈಥಾನನ್ನು ನಡೆಸುವ ಪ್ರಯತ್ನವು ಆಂಡ್ರಾಯ್ಡ್‌ಗಿಂತ ಹಿಂದಿನದು. ನೋಕಿಯಾ ಸಂಸ್ಥೆಯು ತನ್ನ ಎಸ್60 ದೂರವಾಣಿಗಳಿಗಾಗಿ ಪೈಥಾನ್ 2.2ನ್ನು ಆಧರಿಸಿದ ಆವೃತ್ತಿಯೊಂದನ್ನು 2004ರ ಕೊನೆಯಲ್ಲಿ ಅಭಿವೃದ್ಧಿಕಾರರಿಗೆ ನೀಡಿ, 2006ರಲ್ಲಿ ಅದರ ಮೂಲಸಂಕೇತವನ್ನು ಮುಕ್ತಗೊಳಿಸಿತು. ಆಂಡ್ರಾಯ್ಡ್‌ಗಾಗಿ 2009ರಲ್ಲಿ ಡೇಮನ್ ಕೋಲರ್ ಅವರು ರೂಪಿಸಿದ ಎಸ್‌ಎಲ್4ಎ ಎಂಬ ಸಾಧನವು ಪೈಥಾನ್ ಸೇರಿದಂತೆ ಹಲವು ಭಾಷೆಗಳಿಗೆ ದಾರಿ ತೆರೆಯಿತು. ಈಗ ಹೆಚ್ಚು ಬಳಕೆಯಲ್ಲಿರುವುದು 2015ರಲ್ಲಿ ಆರಂಭವಾದ ಟರ್ಮಕ್ಸ್.

ತೊಡಕಿನ ಸ್ವರೂಪ

ಆಂಡ್ರಾಯ್ಡ್‌ನ ತಳಹದಿ ಲಿನಕ್ಸ್ ಆಗಿದ್ದರೂ ಲಿನಕ್ಸ್ ಗಣಕಕ್ಕೆ ಸಿದ್ಧಪಡಿಸಿದ ಪೈಥಾನನ್ನು ಹಾಗೆಯೇ ತಂದು ಇಲ್ಲಿ ನಡೆಸಲಾಗದು. ಪ್ರೋಗ್ರಾಂಗಳು ಕಡತವನ್ನು ತೆರೆಯುವುದು, ಸ್ಮೃತಿಯನ್ನು ಕೇಳುವುದು ಮೊದಲಾದ ಕೆಲಸಗಳಿಗೆ ಸಿ ಗ್ರಂಥಾಲಯವನ್ನು ಅವಲಂಬಿಸುತ್ತವೆ. ಸಾಮಾನ್ಯ ಲಿನಕ್ಸ್‌ನಲ್ಲಿ ಇದು ಜಿಲಿಬ್‌ಸಿ, ಆಂಡ್ರಾಯ್ಡ್‌ನಲ್ಲಿ ಬಯೋನಿಕ್. ಒಂದಕ್ಕಾಗಿ ಸಂಕಲಿಸಿದ ಪ್ರೋಗ್ರಾಂ ಮತ್ತೊಂದರೊಡನೆ ಹೊಂದಿಕೊಳ್ಳುವುದಿಲ್ಲ. ಅಲ್ಲದೆ, ಆಂಡ್ರಾಯ್ಡ್‌ನಲ್ಲಿ ಪ್ರತಿಯೊಂದು ಆ್ಯಪ್‌ಗೂ ತನ್ನದೇ ಆದ ಕಡತಕೋಶವಿದ್ದು, ಅದರ ಬೇಲಿ ದಾಟಲು ಅನುಮತಿಯಿಲ್ಲ. ಆದುದರಿಂದ ಟರ್ಮಕ್ಸ್ ತನ್ನ ಕೋಶದೊಳಗೇ ಒಂದು ಕಿರು ಲಿನಕ್ಸ್ ಸಂಸಾರವನ್ನು ಹೂಡಿಕೊಂಡು, ಎಲ್ಲ ಪ್ಯಾಕೇಜ್‌ಗಳನ್ನೂ ಬಯೋನಿಕ್‌ಗಾಗಿ ಮತ್ತೆ ಸಂಕಲಿಸಿ ನೀಡುತ್ತದೆ.

2019ರಲ್ಲಿ ಬಂದ ಆಂಡ್ರಾಯ್ಡ್ 10, ಹೊಸ ನಿಯಮಗಳಿಗೆ ಒಳಪಟ್ಟ ಆ್ಯಪ್‌ಗಳು ತಮ್ಮ ಕೋಶದಲ್ಲಿ ಇಳಿಸಿಕೊಂಡ ಕಡತಗಳನ್ನು ಪ್ರೋಗ್ರಾಂಗಳಂತೆ ನಡೆಸುವುದನ್ನು ನಿಷೇಧಿಸಿತು. ಸುರಕ್ಷತೆಯ ದೃಷ್ಟಿಯಿಂದ ಈ ನಿಯಮ ಸಕಾರಣವಾದುದು. ಆದರೆ ಟರ್ಮಕ್ಸ್‌ನ ಕಾರ್ಯವಿಧಾನವೇ ಅದಾಗಿದ್ದುದರಿಂದ, 2020ರ ನವೆಂಬರ್ ನಂತರ ಪ್ಲೇ ಸ್ಟೋರ್‌ನಲ್ಲಿದ್ದ ಅದರ ಪ್ರತಿ ದೀರ್ಘಕಾಲ ನವೀಕರಣಗೊಳ್ಳಲಿಲ್ಲ. ಇದಕ್ಕಾಗಿಯೇ ಅದನ್ನು ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶ ಭಂಡಾರದಿಂದ ಪಡೆಯುವುದು ರೂಢಿಗೆ ಬಂದಿದೆ.

ಅಳವಡಿಕೆ

ಮೊದಲು ದೂರವಾಣಿಯ ಸೆಟ್ಟಿಂಗ್ಸ್‌ನಲ್ಲಿ ಆಂಡ್ರಾಯ್ಡ್ ಆವೃತ್ತಿಯನ್ನು ನೋಡಿಕೊಳ್ಳಬೇಕು. ಆವೃತ್ತಿ 7 ಅಥವಾ ಅದಕ್ಕಿಂತ ಹೊಸದಾಗಿದ್ದರೆ ತೊಂದರೆಯಿಲ್ಲ. ಟರ್ಮಕ್ಸ್ ತೆರೆದು ಪಿಕೆಜಿ ಅಪ್‌ಡೇಟ್ ಎಂಬ ಆದೇಶವನ್ನೂ ಅನಂತರ ಪಿಕೆಜಿ ಇನ್‌ಸ್ಟಾಲ್ ಪೈಥಾನ್ ಎಂಬುದನ್ನೂ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಕೊಟ್ಟರೆ ಸಾಕು. ಕೆಲವು ನೂರು ಮೆಗಾಬೈಟ್‌ಗಳಷ್ಟು ಸ್ಥಳ ಮತ್ತು ಒಮ್ಮೆ ಮಾತ್ರ ಅಂತರಜಾಲ ಸಂಪರ್ಕ ಬೇಕಾಗುತ್ತದೆ. ಅನಂತರದ ಅಭ್ಯಾಸಕ್ಕೆ ಸಿಮ್ ಕೂಡ ಬೇಡ.

ಆಂಡ್ರಾಯ್ಡ್ 5 ಮತ್ತು 6ಕ್ಕೆ ಟರ್ಮಕ್ಸ್‌ನ ಹೊಸ ಪ್ಯಾಕೇಜ್‌ಗಳು 2020ರ ಜನವರಿಯಿಂದ ದೊರೆಯುತ್ತಿಲ್ಲ. ಅಲ್ಲಿ ಹಳೆಯ ಆವೃತ್ತಿಗಳಿಂದಲೇ ತೃಪ್ತಿಪಡಬೇಕು. ಆಂಡ್ರಾಯ್ಡ್ 4ರ ಕಾಲದ ಸಾಧನಗಳಲ್ಲಿ ಎಸ್‌ಎಲ್4ಎ ಜೊತೆಗಿನ ಪೈಥಾನ್ 2.6 ನಡೆಯುತ್ತದೆಯಾದರೂ, ಇಂದಿನ ಪಠ್ಯಗಳು ಪೈಥಾನ್ 3ನ್ನು ಅನುಸರಿಸುವುದರಿಂದ ವಿದ್ಯಾರ್ಥಿಗೆ ಗೊಂದಲವೇ ಹೆಚ್ಚು. ಆದೇಶಗಳ ಗೊಡವೆ ಬೇಡವೆನ್ನುವವರಿಗೆ ಪೈಡ್ರಾಯ್ಡ್ 3 ಎಂಬ ಆ್ಯಪ್ ಇದೆ.

ಕೀಲಿಮಣೆಯ ವಿಷಯದಲ್ಲಿ ತಾಳ್ಮೆ ಅಗತ್ಯ. ಪೈಥಾನ್‌ನಲ್ಲಿ ಸಾಲಿನ ಆರಂಭದ ಖಾಲಿ ಸ್ಥಳಕ್ಕೂ ಅರ್ಥವಿದೆ. ದೂರವಾಣಿಯ ಕೀಲಿಮಣೆಯಲ್ಲಿ ಟ್ಯಾಬ್ ಕೀಲಿ ಸಾಮಾನ್ಯವಾಗಿ ಇರುವುದಿಲ್ಲ. ಟರ್ಮಕ್ಸ್‌ನಲ್ಲಿ ಧ್ವನಿ ತಗ್ಗಿಸುವ ಗುಂಡಿ ಕಂಟ್ರೋಲ್ ಕೀಲಿಯಾಗಿ ವರ್ತಿಸುತ್ತದೆ. ಟಿಪ್ಪಣಿ ಆ್ಯಪ್‌ನಲ್ಲಿ ಬರೆದು ನಕಲಿಸಿದರೆ, ಸಾಲಿನ ಮೊದಲ ಅಕ್ಷರ ತಾನಾಗಿಯೇ ದೊಡ್ಡಕ್ಷರವಾಗಿ ಪ್ರಿಂಟ್ ಆದೇಶವೇ ಅಪರಿಚಿತ ಎಂಬ ದೋಷಸಂದೇಶ ಬರಬಹುದು. ಒಟಿಜಿ ತಂತಿಯ ಮೂಲಕ ಗಣಕದ ಕೀಲಿಮಣೆಯನ್ನು ಜೋಡಿಸಬಹುದಾದ ದೂರವಾಣಿಯಾದರೆ ಈ ಕಷ್ಟಗಳು ಬಹುಮಟ್ಟಿಗೆ ನೀಗುತ್ತವೆ.

ಕನ್ನಡದಲ್ಲಿ ಬಳಕೆ

ಪೈಥಾನ್ 3ರಲ್ಲಿ ಚರಗಳಿಗೆ ಕನ್ನಡದ ಹೆಸರುಗಳನ್ನು ಇಡಬಹುದೆಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ಯುವ ದಿಬ್ಬೂರಹಳ್ಳಿಯ ಬೆಳೆಗಾರರೊಬ್ಬರ ಲೆಕ್ಕವನ್ನು ಹೀಗೆ ಬರೆಯಬಹುದು (ದರ ಕೇವಲ ಉದಾಹರಣೆಗೆ):

ತೂಕ = 52.5
ದರ = 480
ಮೊತ್ತ = ತೂಕ * ದರ

ಇದಾದ ಮೇಲೆ ಮೊತ್ತ ಎಂದು ಬೆರಳಚ್ಚಿಸಿ ಎಂಟರ್ ಒತ್ತಿದರೆ 25200.0 ಎಂಬ ಉತ್ತರ ಬರುತ್ತದೆ. ತೂಕವು ದಶಮಾಂಶ ಸಂಖ್ಯೆಯಾದುದರಿಂದ ಉತ್ತರದಲ್ಲಿಯೂ ದಶಮಾಂಶ ಉಳಿಯಿತು. ದರವನ್ನು ಪ್ರೋಗ್ರಾಂನಲ್ಲಿ ೪೮೦ ಎಂದು ನೇರವಾಗಿ ಬರೆದರೆ ಪೈಥಾನ್ ಒಪ್ಪುವುದಿಲ್ಲ. ಆದರೆ ಬಳಕೆದಾರರು ಕನ್ನಡ ಅಂಕಿಗಳಲ್ಲಿ ತುಂಬಿದ ಪಠ್ಯವನ್ನು ಪೂರ್ಣಾಂಕವಾಗಿ ಪರಿವರ್ತಿಸುವ ಇಂಟ್ ಎಂಬ ಸೂತ್ರವು ೪೮೦ನ್ನು 480 ಎಂದು ಸರಿಯಾಗಿ ಗ್ರಹಿಸುತ್ತದೆ. ಒತ್ತು ಬೀಳದಂತೆ ಅಕ್ಷರಗಳನ್ನು ಬಿಡಿಸಿಡಲು ನಡುವೆ ಸೇರಿಸುವ ಅಗೋಚರ ಚಿಹ್ನೆಯು ಚರದ ಹೆಸರಿನಲ್ಲಿದ್ದರೆ ದೋಷವುಂಟಾಗುತ್ತದೆ. ಕಣ್ಣಿಗೆ ಕಾಣದ ತಪ್ಪಾದುದರಿಂದ ಇದನ್ನು ಹುಡುಕುವುದು ಕಷ್ಟ.

ಕನ್ನಡ ಎಂಬ ಪದದ ಉದ್ದ ಎಷ್ಟೆಂದು ಕೇಳಿದರೆ ಪೈಥಾನ್ 3 ಎಂದು ಹೇಳದೆ 5 ಎನ್ನುತ್ತದೆ. ಯೂನಿಕೋಡ್ ಕ್ರಮದಲ್ಲಿ ಕ, ನ, ವಿರಾಮ ಚಿಹ್ನೆ, ನ, ಡ ಎಂದು ಐದು ಸಂಕೇತಗಳಿರುವುದೇ ಇದಕ್ಕೆ ಕಾರಣ. ವ್ಯಾಕರಣದ ಅಕ್ಷರ ಬೇರೆ, ಗಣಕದ ಸಂಕೇತ ಬೇರೆ. ಟರ್ಮಿನಲ್‌ಗಳು ಸಮಾನ ಅಗಲದ ಮನೆಗಳಲ್ಲಿ ಅಕ್ಷರಗಳನ್ನು ಕೂರಿಸುವುದರಿಂದ ಒತ್ತಕ್ಷರಗಳು ಪರದೆಯ ಮೇಲೆ ಚದುರಿದಂತೆ ಕಾಣಬಹುದು. ಕಡತದಲ್ಲಿ ಮಾತ್ರ ಅವು ಸರಿಯಾಗಿಯೇ ಇರುತ್ತವೆ.

ಮಿತಿಗಳು

2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಪೈಥಾನ್ 3.13, ಆಂಡ್ರಾಯ್ಡನ್ನು ಮೊದಲ ಬಾರಿಗೆ ಅಧಿಕೃತ ಬೆಂಬಲದ ಮೂರನೆಯ ಶ್ರೇಣಿಗೆ ಸೇರಿಸಿತು. ಆದರೆ ಈ ಬೆಂಬಲ 64 ಬಿಟ್ ಸಂಸ್ಕಾರಕಗಳಿಗೆ ಸೀಮಿತ. ಅದೂ ಆ್ಯಪ್‌ಗಳ ಒಳಗೆ ಪೈಥಾನನ್ನು ಹುದುಗಿಸುವವರಿಗಾಗಿ. ಹಳೆಯ 32 ಬಿಟ್ ದೂರವಾಣಿಗಳು ಇಂದಿಗೂ ಸ್ವಯಂಸೇವಕರ ದುಡಿಮೆಯನ್ನೇ ನಂಬಿವೆ. ನಂಪೈಯಂತಹ ದೊಡ್ಡ ಗ್ರಂಥಾಲಯಗಳನ್ನು ಪೈಥಾನ್‌ನ ಪಿಪ್ ಮೂಲಕ ಅಳವಡಿಸಲು ಹೊರಟರೆ ದೂರವಾಣಿಯಲ್ಲಿಯೇ ಸಂಕಲನ ನಡೆಯಬೇಕಾಗಿ ಬಂದು ಬಹಳ ಹೊತ್ತು ಹಿಡಿಯುತ್ತದೆ, ಕೆಲವೊಮ್ಮೆ ವಿಫಲವಾಗುತ್ತದೆ. ಟರ್ಮಕ್ಸ್ ಭಂಡಾರದಲ್ಲಿರುವ ಸಿದ್ಧ ಪ್ರತಿಯನ್ನು ಬಳಸುವುದೇ ಸರಿ.

ಸುರಕ್ಷತಾ ತಿದ್ದುಪಡಿಗಳು ಬಾರದ ದೂರವಾಣಿಯನ್ನು ಬ್ಯಾಂಕ್ ವ್ಯವಹಾರಕ್ಕೆ ಬಳಸಬಾರದು. ಅಭ್ಯಾಸದ ದೂರವಾಣಿಯಲ್ಲಿ ಹಣ ಪಾವತಿಯ ಆ್ಯಪ್‌ಗಳನ್ನೂ ಗುಪ್ತಪದಗಳನ್ನೂ ಅಳಿಸಿಹಾಕುವುದು ಒಳಿತು. ಹಳೆಯ ಬ್ಯಾಟರಿ ಉಬ್ಬಿರುವುದು ಕಂಡುಬಂದರೆ ಅದನ್ನು ಚಾರ್ಜ್ ಮಾಡದೆ, ಚುಚ್ಚದೆ, ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.