ಹಲಗಿ ಬಾರಿಸಿದವನ ಹೆಸರೂ ಕೇಳಲಿ

ಡಿಜೆ ಅಂದರೆ ಬರೀ ಗದ್ದಲ ಅನ್ನುವ ಮಾತನ್ನು ನಮ್ಮ ಗೊರೇಬಾಳದಲ್ಲೂ ಕೇಳುತ್ತೇನೆ, ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲೂ ಕೇಳುತ್ತೇನೆ. ಭತ್ತದ ಸುಗ್ಗಿ ಮುಗಿದು ಮದುವೆಗಳು ಶುರುವಾದವೆಂದರೆ ಟ್ರ್ಯಾಕ್ಟರ್ ಟ್ರಾಲಿಗೆ ಬೇಸ್ ಬಾಕ್ಸ್, ಟಾಪ್ ಪೇರಿಸಿ, ಜನರೇಟರ್ ಕಟ್ಟಿಕೊಂಡು ಮೆರವಣಿಗೆಗೆ ಹೊರಡುವವ ನಾನು. ಸದ್ದು ಮಿತಿ ಮೀರಿದಾಗ ಬೈಯುವವರ ಮಾತು ನ್ಯಾಯವಾದದ್ದೇ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕು ಹಚ್ಚಬಾರದೆಂದು 2000ನೇ ಇಸವಿಯಿಂದ ಕಾನೂನೇ ಇದೆ. ಆದರೆ ಆ ಸದ್ದಿನೊಳಗೆ ಹಾಡಿದವ, ಹಾಡು ಕಟ್ಟಿದವ, ಹಲಗಿ ಬಾರಿಸಿದವ ಎಲ್ಲರೂ ಇದ್ದಾರೆ. ಅವರಿಗೂ ನಮಗೂ ಇರುವ ನಂಟಿನ ಬಗ್ಗೆ ಯಾರೂ ಮಾತಾಡುವುದಿಲ್ಲ.

ಕ್ಯಾಸೆಟ್ ಕಾಲದಲ್ಲಿ ಗುರುರಾಜ ಹೊಸಕೋಟೆಯವರ ಹಾಡು ಚಹಾದಂಗಡಿಯ ಟೇಪಿನಲ್ಲಿ ಹೇಗಿತ್ತೋ ಹಾಗೇ ಕೇಳುತ್ತಿತ್ತು. ಈಗ ಮಾಳು ನಿಪನಾಳ, ಬಾಳು ಬೆಳಗುಂದಿಯಂಥವರ ಹಾಡು ಯೂಟ್ಯೂಬಿಗೆ ಬಂದ ಬೆನ್ನಿಗೇ ಅದರ ಡಿಜೆ ರೂಪವೂ ಬರುತ್ತದೆ. ಎಷ್ಟೋ ಜನ ಮೊದಲು ಕೇಳುವುದೇ ಆ ಎರಡನೆಯದನ್ನು. ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆಯಲ್ಲಿ ಅಂಗಡಿ ಸಾಲಿನಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಆ ವರ್ಷ ಯಾವ ಹಾಡು ನಿಂತಿತು, ಯಾವುದು ಬಿತ್ತು ಅನ್ನುವುದು ತಿಳಿಯುತ್ತದೆ.

ರೀಮಿಕ್ಸ್ ಅಂದರೆ ಹಾಡಿನ ಓಟ ಹೆಚ್ಚಿಸಿ ಕೆಳಗೊಂದು ಬೇಸ್ ಹಾಕುವುದಷ್ಟೇ ಅಂತ ಬಹಳ ಮಂದಿ ತಿಳಿದಿದ್ದಾರೆ. ನಿಮಿಷಕ್ಕೆ 100 ಪೆಟ್ಟಿನ ಹಾಡನ್ನು 125ಕ್ಕೆ ಏರಿಸುವುದು ಕಂಪ್ಯೂಟರಿಗೆ ಚಿಟಿಕೆಯ ಕೆಲಸ, ಶ್ರುತಿಯೂ ಕೆಡುವುದಿಲ್ಲ. ಕಷ್ಟ ಇರುವುದು ಉಸಿರಿನಲ್ಲಿ. ನುಡಿ ಮುಗಿಸಿ ಪಲ್ಲವಿಗೆ ಹೊರಳುವ ಮುಂಚೆ ಹಾಡುಗಾರ ಒಂದು ಉಸಿರು ಎಳೆದುಕೊಳ್ಳುತ್ತಾನೆ. ಕುಣಿಯುವವರು ಕೈ ಮೇಲೆತ್ತುವುದು ಅಲ್ಲೇ. ಬೇಸಿನ ಪೆಟ್ಟು ಒಂದು ಎಣಿಕೆ ಮೊದಲು ಬಿದ್ದರೆ ಮುಂದಿನ ಮಾತೇ ನುಂಗಿ ಹೋಗುತ್ತದೆ. ಮೊದಲೆಲ್ಲ ದನಿಯನ್ನೇ ಬೇರೆಯಾಗಿ ಬೇಕೆಂದರೆ ಹಾಡಿದವರ ಹತ್ತಿರ ಹೋಗಿ ಕೇಳಬೇಕಿತ್ತು. ಈಗ ವರ್ಚುವಲ್ ಡಿಜೆಯಂಥ ಸಾಫ್ಟ್‌ವೇರ್, ಸಿದ್ಧವಾದ ಹಾಡಿನಿಂದಲೇ ದನಿ, ವಾದ್ಯ ಬಿಡಿಸಿ ಕೊಡುತ್ತದೆ. ಅನುಕೂಲವಾಯಿತು ನಿಜ, ಆದರೆ ಮುಖ ನೋಡುವುದು ತಪ್ಪಿತು. ನಾನು ಇವತ್ತಿಗೂ ಸಿಕ್ಕಷ್ಟು ಜನರ ಹತ್ತಿರ ಹೋಗುತ್ತೇನೆ. ತನ್ನ ಉಸಿರು ಎಲ್ಲಿದೆ ಅನ್ನುವುದು ಹಾಡಿದವನಿಗೆ ಗೊತ್ತಿದ್ದಷ್ಟು ಯಂತ್ರಕ್ಕೆ ಗೊತ್ತಿಲ್ಲ.

ಹಲಗಿಯ ವಿಷಯ ಇನ್ನೂ ಸೂಕ್ಷ್ಮ. ಬೆಂಕಿಗೆ ಹಿಡಿದು ತೊಗಲು ಬಿಗಿ ಮಾಡಿಕೊಂಡು, ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳು ಕಡ್ಡಿ ಹಿಡಿದು ಬಾರಿಸುತ್ತಾರೆ. ಆ ತೆಳು ಕಡ್ಡಿಯ ಪೆಟ್ಟು ತಾಳದ ಗೆರೆ ಮೇಲೆ ಸರಿಯಾಗಿ ಬೀಳುವುದಿಲ್ಲ, ಕೂದಲೆಳೆಯಷ್ಟು ಆಚೀಚೆ ಇರುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ನೇರ ಮಾಡುವ ಗುಂಡಿ ಇದೆ. ಅದನ್ನು ಒತ್ತಿದಿರೋ, ಲೆಕ್ಕ ಸರಿಯಾಗುತ್ತದೆ, ಕಾಲು ಏಳುವುದಿಲ್ಲ. ಹಲಗಿ ಇದ್ದ ಹಾಗೇ ಇರಲಿ, ಬೇಸು ಅದಕ್ಕೆ ಹೊಂದಿಕೊಳ್ಳಲಿ ಅನ್ನುವುದು ನನ್ನ ಪದ್ಧತಿ.

ಇದು ನಮ್ಮ ಕಡೆಯದಷ್ಟೇ ಕತೆಯಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ತಂಗಿ ಏರ್ಪಡಿಸಿದ ಪಾರ್ಟಿಯಲ್ಲಿ ಜಮೈಕಾ ಮೂಲದ ಕೂಲ್ ಹರ್ಕ್ ಹಾಡು ಹಚ್ಚಿದ. ಡ್ರಮ್ಮು ಮಾತ್ರ ಉಳಿಯುವ ತುಣುಕಿಗೆ ಜನ ಹೆಚ್ಚು ಕುಣಿಯುತ್ತಾರೆಂದು ಅವನು ಕಂಡುಕೊಂಡಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟು ಆ ತುಣುಕನ್ನು ಮತ್ತೆ ಮತ್ತೆ ಬರುವಂತೆ ಮಾಡುತ್ತಿದ್ದ. ಹಿಪ್‌ಹಾಪ್ ಹುಟ್ಟಿದ್ದು ಅಲ್ಲಿ ಅನ್ನುತ್ತಾರೆ. ನನಗೆ ಅವನಿಗಿಂತ ಹೆಚ್ಚು ನೆನಪಾಗುವವನು ಕ್ಲೈಡ್ ಸ್ಟಬಲ್‌ಫೀಲ್ಡ್. 1969ರಲ್ಲಿ ಜೇಮ್ಸ್ ಬ್ರೌನನ ‘ಫಂಕಿ ಡ್ರಮ್ಮರ್’ ಹಾಡಿಗೆ ಡ್ರಮ್ಸ್ ಬಾರಿಸಿದವನು. ಅವನ ಕೆಲವೇ ಸೆಕೆಂಡುಗಳ ಆ ವಾದನವನ್ನು ಮುಂದೆ ನೂರಾರು ಹಾಡುಗಳಿಗೆ ಕತ್ತರಿಸಿ ಅಂಟಿಸಿದರು. ಹಾಡಿನ ರಚನೆಯಲ್ಲಿ ಹೆಸರಿಲ್ಲದ್ದರಿಂದ ರಾಯಲ್ಟಿಯ ಹಕ್ಕು ಅವನಿಗೆ ಇರಲಿಲ್ಲ. 2017ರಲ್ಲಿ ತೀರಿಕೊಂಡ. ನಮ್ಮ ಹಲಗಿ ಮೇಳದವರ ಪಾಡು ಇದಕ್ಕಿಂತ ಬೇರೆಯಲ್ಲ.

ಹೆಸರಿನ ಬೆಲೆ ಈ ಜಿಲ್ಲೆಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಚೀಕಲಪರವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಅಂಕಿತವಿಲ್ಲದೆ ಪದ ಮುಗಿಸಲಿಲ್ಲ. ಇವತ್ತಿನ ಜಾನಪದ ಹಾಡಿನಲ್ಲೂ ಕಡೆಯ ನುಡಿಗೆ ಬರೆದವನ ಹೆಸರು, ಊರು ಬರುವುದುಂಟು. ನಾವು ಡಿಜೆಗಳು ಹಾಡಿನ ನಟ್ಟನಡುವೆ ನಮ್ಮ ಹೆಸರಿನ ಟ್ಯಾಗ್ ಕೂಗಿಸುತ್ತೇವೆ, ಆದರೆ ಹಾಡು ಉದ್ದವಾಯಿತೆಂದು ಆ ಕಡೆಯ ನುಡಿಯನ್ನೇ ಕತ್ತರಿಸುತ್ತೇವೆ. ಇದು ತಪ್ಪು ಅಂತ ಜೊತೆಯವರಿಗೆ ನೇರವಾಗಿ ಹೇಳುತ್ತೇನೆ.

ಹಾಗಂತ ಡಿಜೆ ಬರೀ ಕಿತ್ತುಕೊಳ್ಳುವವನಲ್ಲ. ಹಾಡುಗಾರ ಸ್ಟುಡಿಯೋದಲ್ಲಿ ಇರುತ್ತಾನೆ, ಜನರ ಕಾಲು ಕಾಣುವುದು ನಮಗೆ. ಯಾವ ಸಾಲಿಗೆ ಹೆಣ್ಣುಮಕ್ಕಳು ಕಟ್ಟೆ ಮೇಲೆ ಕೂತೇ ದನಿಗೂಡಿಸಿದರು, ಎಲ್ಲಿ ಹುಡುಗರು ನೀರು ಕುಡಿಯಲು ಸರಿದರು ಅನ್ನುವುದನ್ನು ಹೋಗಿ ಹೇಳುತ್ತೇವೆ. ಮುಂದಿನ ಹಾಡಿನಲ್ಲಿ ಪಲ್ಲವಿ ಬೇಗ ಬರುತ್ತದೆ, ನಡುವೆ ಹಲಗಿಗೆ ಜಾಗ ಸಿಗುತ್ತದೆ. 2018ರಲ್ಲಿ ‘ರ‍್ಯಾಂಬೋ 2’ ಸಿನಿಮಾಕ್ಕೆ ರವೀಂದ್ರ ಸೊರಗಾವಿ, ಶಮಿತಾ ಮಲ್ನಾಡ್ ಹಾಡಿದ ‘ಚುಟು ಚುಟು’ ಈ ಕಡೆಯ ಮಾತಿನ ಧಾಟಿಯನ್ನು ನಾಡಿಗೆಲ್ಲ ಮುಟ್ಟಿಸಿತು. ಅದು ಮತ್ತೆ ಟ್ರ್ಯಾಕ್ಟರ್ ಏರಿ ನಮ್ಮೂರುಗಳಿಗೇ ಬಂತು.

1957ರ ಕಾಪಿರೈಟ್ ಕಾಯ್ದೆ ಮದುವೆ ಮೆರವಣಿಗೆಯಲ್ಲಿ ಹಾಡು ಹಚ್ಚುವುದಕ್ಕೆ ವಿನಾಯಿತಿ ಕೊಟ್ಟಿದೆ. ರೀಮಿಕ್ಸ್ ಮಾಡಿ ಯೂಟ್ಯೂಬಿಗೆ ಹಾಕುವುದಕ್ಕೆ ಆ ವಿನಾಯಿತಿ ಇಲ್ಲ, ಒಪ್ಪಿಗೆ ಬೇಕು. ನಾನು ಒಪ್ಪಿಗೆ ಕೇಳಿಯೇ ಹಾಕುತ್ತೇನೆ. ಮೇಳದವರ ವಾದನ ರೆಕಾರ್ಡ್ ಮಾಡಿದರೆ ಆ ದಿನದ ಪಗಾರ ಅಲ್ಲೇ ಕೊಡುತ್ತೇನೆ. ಫೈಲಿನ ಹೆಸರಿನಲ್ಲಿ ಹಾಡಿದವರು, ಬರೆದವರು, ಹಲಗಿ ಮೇಳದ ಊರು, ಆಮೇಲೆ ನಾನು. ಮದುವೆಗೆ ಗೊತ್ತು ಮಾಡಲು ಬಂದವರಿಗೆ ಒಂದು ಮಾತು ಹೇಳುತ್ತೇನೆ: ‘ಯಪ್ಪಾ, ಹಲಗಿ ಮೇಳಾನೂ ಕರೀರಿ. ಅಗಸಿಯಿಂದ ಹನುಮಪ್ಪನ ಗುಡಿತನಕ ಅವರು ಬಾರಿಸಲಿ, ನಾ ಬಂದ್ ಮಾಡ್ತೀನಿ.’ ಒಪ್ಪಿದ ಮನೆಯವರಿಗೆ ಅಷ್ಟು ಹೊತ್ತಿನ ಜನರೇಟರ್ ಡೀಸೆಲ್ಲಿನ ಹಣವನ್ನು ಬಾಡಿಗೆಯಲ್ಲಿ ಬಿಡುತ್ತೇನೆ.