ನಾಸಿಕ್, ಸಂಭಾಜಿನಗರ: ಮನೆಯಿಂದ ಕೆಲಸಕ್ಕೆ ಊರು ಹುಡುಕುವವರ ತಪ್ಪು ಲೆಕ್ಕಗಳು

ಕಂಪನಿ ಬೆಂಗಳೂರಿನದೋ ಪುಣೆಯದೋ, ಕೆಲಸವೆಲ್ಲ ಮನೆಯಿಂದಲೇ, ತಿಂಗಳಿಗೆ ಒಂದೆರಡು ಸಲ ಆಫೀಸಿಗೆ ಮುಖ ತೋರಿಸಿದರೆ ಸಾಕು. ಕೋವಿಡ್ ನಂತರ ಇಂಥ ಕೆಲಸದಲ್ಲಿರುವ ಕನ್ನಡದ ಹುಡುಗ ಹುಡುಗಿಯರು ಎಲ್ಲ ಕಡೆ ಸಿಗುತ್ತಾರೆ. ದೊಡ್ಡ ಊರಿನ ಬಾಡಿಗೆಗೂ ಟ್ರಾಫಿಕ್ಕಿಗೂ ಬೇಸತ್ತು ನಡುಗಾತ್ರದ ಊರು ಹುಡುಕುವಾಗ ಮೈಸೂರು, ಹುಬ್ಬಳ್ಳಿಯ ಜೊತೆಗೆ ನಾಸಿಕ್, ಛತ್ರಪತಿ ಸಂಭಾಜಿನಗರಗಳ ಹೆಸರೂ ಬರುತ್ತದೆ. 2011ರ ಜನಗಣತಿಯಲ್ಲಿ ನಾಸಿಕ್ ನಗರದ ಜನಸಂಖ್ಯೆ ಸುಮಾರು 14.86 ಲಕ್ಷ. ಆಗಿನ್ನೂ ಔರಂಗಾಬಾದ್ ಎಂದೇ ಕರೆಯುತ್ತಿದ್ದ ಸಂಭಾಜಿನಗರದ್ದು ಸುಮಾರು 11.75 ಲಕ್ಷ. ಎರಡೂ ಹುಬ್ಬಳ್ಳಿ-ಧಾರವಾಡಕ್ಕಿಂತ ದೊಡ್ಡವು. ಎರಡೂ ಕುಡಿಯುವುದು ಗೋದಾವರಿ ಕಣಿವೆಯ ನೀರನ್ನೇ. ಆದರೂ ಇವುಗಳ ಬಗ್ಗೆ ಜನ ಹೇಳುವ ಮಾತುಗಳಲ್ಲಿ ಅರ್ಧಕ್ಕರ್ಧ ನಕ್ಷೆ ನೋಡಿ ಹುಟ್ಟಿದವು. ಮನೆ ಬದಲಿಸುವ ಮೊದಲು ಅವನ್ನು ಒಂದೊಂದಾಗಿ ಪರೀಕ್ಷಿಸುವುದು ಒಳ್ಳೆಯದು.

“ನಾಸಿಕ್ ಅಂದರೆ ಮುಂಬೈ ಪಕ್ಕದಲ್ಲೇ”

ರಸ್ತೆಯಲ್ಲಿ ಸುಮಾರು 165 ಕಿಲೋಮೀಟರ್. ಆದರೆ ನಡುವೆ ಸಹ್ಯಾದ್ರಿ ನಿಂತಿದೆ. ಮುಂಬೈ ಲೋಕಲ್ ರೈಲು ಘಟ್ಟದ ಬುಡದ ಕಸಾರಾಕ್ಕೆ ಮುಗಿಯುತ್ತದೆ. ಅಲ್ಲಿಂದ ಇಗತ್‌ಪುರಿಗೆ ಹತ್ತುವ ಥಳ್ ಘಾಟಿಯಲ್ಲಿ 37 ಮೀಟರಿಗೆ ಒಂದು ಮೀಟರಿನ ಏರು, ರೈಲಿಗೆ ಹಿಂದಿನಿಂದ ನೂಕಲು ಬೇರೆ ಎಂಜಿನ್ ಬೇಕು. ನಾಸಿಕ್‌ನಿಂದ ಮುಂಬೈಗೆ ನೌಕರಿಗೆ ಹೋಗುವವರು 1975ರಿಂದ ನೆಚ್ಚಿಕೊಂಡಿರುವುದು ಪಂಚವಟಿ ಎಕ್ಸ್‌ಪ್ರೆಸ್ಸನ್ನು. ಬೆಳಿಗ್ಗೆ ಏಳರ ಆಸುಪಾಸಿಗೆ ನಾಸಿಕ್ ರೋಡ್ ಬಿಟ್ಟು ಹನ್ನೊಂದರೊಳಗೆ ಮುಂಬೈ ಸೇರಿಸುತ್ತದೆ, ಸಂಜೆ ಆರು ದಾಟಿದ ಮೇಲೆ ಮರಳಿ ಹೊರಡುತ್ತದೆ. ಅಂದರೆ ಒಂದು ಮೀಟಿಂಗ್ ಮುಗಿಸಿ ಬರಲು ಇಡೀ ದಿನ ಬೇಕು. ನಾಸಿಕ್ ರೋಡ್ ನಿಲ್ದಾಣವಾದರೂ ಹಳೆಯ ಊರಿನಿಂದ ಹತ್ತು ಕಿಲೋಮೀಟರಿನಷ್ಟು ದೂರ. ಐಟಿ ಮಂದಿ ಮೊದಲು ಮನೆ ನೋಡುವ ಗಂಗಾಪುರ ರಸ್ತೆ ಅದಕ್ಕೂ ಆಚೆ, ಊರಿನ ಇನ್ನೊಂದು ತುದಿಗೆ. ತಿಂಗಳಿಗೆ ಎರಡು ಸಲವಾದರೆ ಇದು ನಡೆಯುತ್ತದೆ. ವಾರಕ್ಕೆ ಎರಡು ಸಲ ಬನ್ನಿ ಎಂದು ಕಂಪನಿ ಹೇಳಿದ ದಿನ ಮೈ ಸೋಲುತ್ತದೆ.

ಸಮೃದ್ಧಿ ಹೆದ್ದಾರಿ ಬಂದ ಮೇಲೆ ದೂರವೇ ಉಳಿದಿಲ್ಲ ಎನ್ನುವವರೂ ಇದ್ದಾರೆ. 701 ಕಿಲೋಮೀಟರಿನ ಆ ಹೆದ್ದಾರಿಯ ಕೊನೆಯ ತುಂಡು, ಇಗತ್‌ಪುರಿಯಿಂದ ಆಮಣೆವರೆಗಿನ 76 ಕಿಲೋಮೀಟರ್, 2025ರ ಜೂನ್ 5ರಂದು ತೆರೆಯಿತು. ಘಟ್ಟದ ಸಂಕಟ ಕಡಿಮೆಯಾಯಿತು, ನಿಜ. ಆದರೆ ಆಮಣೆ ಇರುವುದು ಭಿವಂಡಿಯ ಬಳಿ, ಅಲ್ಲಿಂದ ಮುಂದೆ ಮುಂಬೈ ಟ್ರಾಫಿಕ್ಕು ಹಿಂದಿನಂತೆಯೇ ಇದೆ. ಈ ಹೆದ್ದಾರಿ ನಾಸಿಕ್ ನಗರವನ್ನು ಮುಟ್ಟುವುದೂ ಇಲ್ಲ, ಇಗತ್‌ಪುರಿ ಕಡೆಗೆ ಹೋಗಿ ಹತ್ತಬೇಕು. ಹತ್ತಿರದಲ್ಲಿಯೇ ಹಾದು ಹೋಗಿರುವುದು ಸಂಭಾಜಿನಗರಕ್ಕೆ, ಊರಾಚೆಯ ಸಾವಂಗಿಯ ಬಳಿ ಹತ್ತಬಹುದು. ದ್ವಿಚಕ್ರ ವಾಹನಗಳಿಗೆ ಅದರಲ್ಲಿ ಪ್ರವೇಶವಿಲ್ಲ.

“ಪುಣೆಗಂತೂ ಎರಡು ಊರಿನಿಂದಲೂ ಸುಲಭ”

ಪುಣೆಗೆ ಎರಡೂ ಊರಿನಿಂದ ನೇರ ರೈಲು ಹಳಿ ಇಲ್ಲ. ನಾಸಿಕ್‌ನವರು ಕಲ್ಯಾಣ ಸುತ್ತಬೇಕು, ಸಂಭಾಜಿನಗರದವರು ಮನಮಾಡ್ ಮತ್ತು ದೌಂಡ್ ಸುತ್ತಬೇಕು. ಹಾಗಾಗಿ ಎಲ್ಲರ ಪಾಲಿಗೂ ಬಸ್ಸೇ ಗತಿ. ನಾಸಿಕ್‌ನಿಂದ ಸುಮಾರು 210, ಸಂಭಾಜಿನಗರದಿಂದ ಸುಮಾರು 235 ಕಿಲೋಮೀಟರ್. ಪುಣೆ–ನಾಸಿಕ್ ಸೆಮಿ ಹೈಸ್ಪೀಡ್ ರೈಲಿನ ಸುದ್ದಿ ಕೇಳಿ ಮನೆ ಹಿಡಿಯುವವರಿಗೆ ಒಂದು ಮಾತು: ಆ ಮಾರ್ಗದ ನಡುವೆ ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿ ಜಿಎಂಆರ್‌ಟಿ ರೇಡಿಯೋ ದೂರದರ್ಶಕವಿದೆ. ನಕ್ಷತ್ರಗಳಿಂದ ಬರುವ ಅತಿ ಕ್ಷೀಣ ರೇಡಿಯೋ ಅಲೆಗಳನ್ನು ಹಿಡಿಯುವ ಆ ಆಂಟೆನಾಗಳ ಹತ್ತಿರ ವಿದ್ಯುತ್ ರೈಲು ಓಡಿದರೆ ಅದರ ಗದ್ದಲ ಅಡ್ಡಿಯಾಗುತ್ತದೆ. ಹಾಗಾಗಿ ಮಾರ್ಗವನ್ನೇ ಬದಲಿಸಬೇಕಾಗಿ ಬಂದಿದೆ. ನಾಸಿಕ್ ಮೆಟ್ರೋ ಕಥೆಯೂ ಇಂಥದೇ. 2021ರ ಕೇಂದ್ರ ಬಜೆಟ್‌ನಲ್ಲಿ 2,092 ಕೋಟಿ ರೂಪಾಯಿ ಎಂದು ಘೋಷಣೆಯಾಯಿತು. ಈಗ ಊರೊಳಗೆ ಓಡಾಡಲು ಇರುವುದು 2021ರ ಜುಲೈನಲ್ಲಿ ಆರಂಭವಾದ ಸಿಟಿಲಿಂಕ್ ಬಸ್ಸುಗಳು. ಘೋಷಣೆಯಾದದ್ದನ್ನು ಲೆಕ್ಕಕ್ಕೆ ಹಿಡಿಯದೆ, ಇವತ್ತು ಓಡುತ್ತಿರುವುದನ್ನು ಮಾತ್ರ ನೋಡಿ ಮನೆ ಆರಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

“ಜಾಯಕವಾಡಿ ತುಂಬಿದೆ, ಸಂಭಾಜಿನಗರಕ್ಕೆ ನೀರಿನ ಚಿಂತೆಯಿಲ್ಲ”

ಮನೆ ಹುಡುಕುವವರು ಬಾಡಿಗೆ ಕೇಳುತ್ತಾರೆ, ವೈಫೈ ಕೇಳುತ್ತಾರೆ, ಪಾರ್ಕಿಂಗ್ ಕೇಳುತ್ತಾರೆ. ಈ ಊರಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದು.

ಪೈಠಣದಲ್ಲಿ ಗೋದಾವರಿಗೆ ಕಟ್ಟಿದ ಜಾಯಕವಾಡಿ ಅಣೆಕಟ್ಟು, ಅದರ ಹಿನ್ನೀರಾದ ನಾಥಸಾಗರ, 1976ರಿಂದ ಇದೆ. ನೂರು ಟಿಎಂಸಿ ದಾಟಿದ ಸಾಮರ್ಥ್ಯ, ಮಹಾರಾಷ್ಟ್ರದ ದೊಡ್ಡ ಜಲಾಶಯಗಳಲ್ಲಿ ಒಂದು. ಹೀಗಿದ್ದೂ ಸಂಭಾಜಿನಗರದ ಅನೇಕ ಬಡಾವಣೆಗಳು ವಾರಕ್ಕೊಮ್ಮೆ ಬರುವ ನಲ್ಲಿ ನೀರಿನಲ್ಲಿ ವರ್ಷಗಳನ್ನು ಕಳೆದಿವೆ. ಕಾರಣ ಅಣೆಕಟ್ಟಿನಲ್ಲಿಲ್ಲ, ಕೊಳವೆಯಲ್ಲಿದೆ. ಜಲಾಶಯ ತುಂಬಿದಾಗಿನ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 1,522 ಅಡಿ, ಅಂದರೆ ಸುಮಾರು 464 ಮೀಟರ್. ನಗರ ಅದಕ್ಕಿಂತ ನೂರು ಮೀಟರಿನಷ್ಟು ಎತ್ತರದಲ್ಲಿದೆ. ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲೆ ಏರಿಸಬೇಕು. ಆ ಕೆಲಸವನ್ನು ದಶಕಗಳ ಕಾಲ ಹೊತ್ತವು 700 ಮತ್ತು 1,400 ಮಿಲಿಮೀಟರ್ ವ್ಯಾಸದ ಎರಡು ಹಳೆಯ ಕೊಳವೆಗಳು. ಒಂದು ಕಡೆ ಸೋರಿದರೆ, ಪಂಪಿಗೆ ಕರೆಂಟು ಹೋದರೆ, ಇಡೀ ಊರಿನ ಸರದಿ ಒಂದು ದಿನ ಮುಂದಕ್ಕೆ ಹೋಗುತ್ತದೆ. 2020ರ ಡಿಸೆಂಬರ್‌ನಲ್ಲಿ 1,680 ಕೋಟಿಯ ಹೊಸ ಯೋಜನೆಗೆ ಅಡಿಗಲ್ಲು ಬಿತ್ತು. 2,500 ಮಿಲಿಮೀಟರ್ ವ್ಯಾಸದ ಹೊಸ ಕೊಳವೆ ಅದರ ಬೆನ್ನೆಲುಬು. ವೆಚ್ಚ ಬೆಳೆಯಿತು, ಕೆಲಸ ನಿಧಾನವಾಯಿತು, ಹೈಕೋರ್ಟಿನ ಔರಂಗಾಬಾದ್ ಪೀಠವೇ ಅದರ ಮೇಲೆ ಕಣ್ಣಿಡಬೇಕಾಯಿತು. 2022ರ ಮೇ ತಿಂಗಳಲ್ಲಿ ನೀರಿಗಾಗಿಯೇ ನಗರದಲ್ಲಿ ದೊಡ್ಡ ಮೋರ್ಚಾ ನಡೆಯಿತು.

ನಾಸಿಕ್ ಈ ವಿಷಯದಲ್ಲಿ ಅದೃಷ್ಟದ ಊರು. ಗಂಗಾಪುರ ಅಣೆಕಟ್ಟು ನಗರದ ಮಗ್ಗುಲಲ್ಲೇ ಇದೆ, ಜೊತೆಗೆ ದಾರಣಾ, ಮುಕಣೆ ಜಲಾಶಯಗಳೂ ಇವೆ. ಆದರೆ ಆ ನೀರಿನ ಮೇಲೆ ಕೆಳಗಿನವರ ಹಕ್ಕೂ ಇದೆ. 2005ರ ಮಹಾರಾಷ್ಟ್ರ ಜಲಸಂಪನ್ಮೂಲ ನಿಯಂತ್ರಣ ಪ್ರಾಧಿಕಾರ ಕಾಯ್ದೆ ಕಣಿವೆಯ ನೀರನ್ನು ಸಮನಾಗಿ ಹಂಚಬೇಕು ಎನ್ನುತ್ತದೆ. ಅಕ್ಟೋಬರ್ 15ರ ಹೊತ್ತಿಗೆ ಜಾಯಕವಾಡಿಯಲ್ಲಿ ಶೇ. 65ರಷ್ಟು ನೀರಿಲ್ಲದಿದ್ದರೆ ಮೇಲಿನ ನಾಸಿಕ್, ಅಹಿಲ್ಯಾನಗರ ಜಿಲ್ಲೆಗಳ ಅಣೆಕಟ್ಟುಗಳಿಂದ ಬಿಡಬೇಕೆಂಬುದು ಪಾಲಿಸಿಕೊಂಡು ಬಂದ ಸೂತ್ರ. 2023ರ ಮಳೆ ಕೈಕೊಟ್ಟಾಗ 8.6 ಟಿಎಂಸಿ ಬಿಡಲು ಆದೇಶವಾಯಿತು. ಕಾವೇರಿ ವಿವಾದ ಕಂಡ ನಮಗೆ ಈ ತಳಮಳ ಹೊಸದಲ್ಲ. ವ್ಯತ್ಯಾಸವೆಂದರೆ ಇಲ್ಲಿ ಇಬ್ಬರೂ ಒಂದೇ ರಾಜ್ಯದವರು. ನಾಸಿಕ್‌ನಲ್ಲಿ ಕುಳಿತು ನಲ್ಲಿ ತಿರುಗಿಸುವವರು ಪೈಠಣದ ಮಟ್ಟವನ್ನೂ ಅರಿತಿರಬೇಕು ಎಂದು ನನಗನ್ನಿಸುತ್ತದೆ.

ಸಂಭಾಜಿನಗರದಲ್ಲಿ ಮನೆ ನೋಡುವವರು ಹೊಸ ಕೊಳವೆಯ ನೀರು ಆ ಬಡಾವಣೆಯ ಟ್ಯಾಂಕಿಗೆ ತಲುಪಿದೆಯೇ, ಸಂಪು ಎಷ್ಟು ಲೀಟರಿನದು, ಬೋರ್‌ವೆಲ್ ಏಪ್ರಿಲ್‌ನಲ್ಲೂ ಬರುತ್ತದೆಯೇ, ಟ್ಯಾಂಕರ್ ದುಡ್ಡು ಮೇಂಟೆನೆನ್ಸ್‌ನಲ್ಲಿ ಸೇರಿದೆಯೇ ಎಂದು ವಿಚಾರಿಸಬೇಕು. ಮಾಲೀಕರನ್ನಲ್ಲ, ಪಕ್ಕದ ಮನೆಯ ಕಾಕೂ ಅವರನ್ನು ಕೇಳಬೇಕು. ಆಫೀಸಿಗೆ ಹೋಗುವವರು ಹಗಲಿನ ನೀರನ್ನು ಆಫೀಸಿನಲ್ಲೇ ಬಳಸುತ್ತಾರೆ. ಮನೆಯಿಂದ ಕೆಲಸ ಮಾಡುವವರ ಇಡೀ ದಿನದ ಖರ್ಚು ಮನೆಯ ಟ್ಯಾಂಕಿನದೇ.

“ನಾಸಿಕ್ ತಂಪು, ಸಂಭಾಜಿನಗರ ಬೆಂಕಿ”

ಅರ್ಧ ನಿಜ. ನಾಸಿಕ್ ಜಿಲ್ಲೆಯ ನಿಫಾಡದಲ್ಲಿ ಚಳಿಗಾಲದ ಉಷ್ಣಾಂಶ ಐದು ಡಿಗ್ರಿಗಿಂತ ಕೆಳಗಿಳಿದು ಸುದ್ದಿಯಾಗುತ್ತದೆ. ದ್ರಾಕ್ಷಿಗೆ ಆ ಚಳಿಯೇ ಆತಂಕ. ಆದರೆ ಏಪ್ರಿಲ್–ಮೇನಲ್ಲಿ ನಾಸಿಕ್ ಕೂಡ ನಲವತ್ತರ ಹತ್ತಿರ ಹೋಗುತ್ತದೆ, ಸಂಭಾಜಿನಗರ ನಲವತ್ತು ದಾಟುತ್ತದೆ. ಎರಡೂ ಆರುನೂರು ಮೀಟರಿನ ಆಸುಪಾಸಿನ ಎತ್ತರದಲ್ಲಿವೆ, ಗಿರಿಧಾಮಗಳಲ್ಲ. ಬೆಂಗಳೂರಿನ ಸಂಜೆಯನ್ನು ಇಲ್ಲಿ ಮೇ ತಿಂಗಳಲ್ಲಿ ನಿರೀಕ್ಷಿಸಬಾರದು.

ಮಧ್ಯಾಹ್ನ ಎರಡು ಗಂಟೆಗೆ ಟೆರೇಸ್ ಕೆಳಗಿನ ಫ್ಲ್ಯಾಟಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕುಳಿತಿರುವುದು ನೀವೇ. ಆಗ ಓಡುವ ಎಸಿಯ ಬಿಲ್ಲೂ ನಿಮ್ಮದೇ. ಅಲ್ಲಿನ ವಿದ್ಯುತ್ ಕಂಪನಿ ಮಹಾವಿತರಣದ ಮನೆ ದರ 100, 300, 500 ಯೂನಿಟ್‌ಗಳ ಮೆಟ್ಟಿಲಿನಲ್ಲಿ ಏರುತ್ತದೆ. 300 ದಾಟಿದ ತಿಂಗಳು ಬಿಲ್ಲು ಕೈ ಸುಡುತ್ತದೆ. ಮೇಲಿನ ಮಹಡಿ ಬೇಡ, ಪಶ್ಚಿಮಕ್ಕೆ ಕಿಟಕಿಯಿರುವ ಕೋಣೆಯನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಡಿ, ರೌಟರಿಗೆ ಇನ್‌ವರ್ಟರ್ ಜೋಡಿಸಿಡಿ.

“ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಕಿಲ್ಲ”

ಬೆಂಗಳೂರಿನಿಂದ ಹೋದವರು ತಪ್ಪದೆ ಎಡವುವುದು ಇಲ್ಲಿ. 1908ರ ನೋಂದಣಿ ಕಾಯ್ದೆ ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ ಮಾಡಿತು. ಅದನ್ನು ತಪ್ಪಿಸಿಕೊಳ್ಳಲು ಹನ್ನೊಂದು ತಿಂಗಳ ರೂಢಿ ಬೆಳೆಯಿತು. ಮಹಾರಾಷ್ಟ್ರದಲ್ಲಿ ಆ ದಾರಿ ಮುಚ್ಚಿದೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಅವಧಿ ಎಷ್ಟೇ ಇರಲಿ, ಲೀವ್ ಅಂಡ್ ಲೈಸೆನ್ಸ್ ಎಂಬ ಬಾಡಿಗೆ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಿರಬೇಕು. ಹೊಣೆ ಮಾಲೀಕರದು, ತಪ್ಪಿದರೆ ಮೂರು ತಿಂಗಳವರೆಗೆ ಸಜೆ ಅಥವಾ ಐದು ಸಾವಿರದವರೆಗೆ ದಂಡ. ನೋಂದಣಿಯಾಗದೆ ಜಗಳ ಬಂದರೆ, ಬೇರೆ ಸಾಕ್ಷ್ಯ ಇಲ್ಲದಿದ್ದಾಗ ಷರತ್ತುಗಳ ಬಗ್ಗೆ ಬಾಡಿಗೆದಾರರ ಮಾತೇ ನಡೆಯುತ್ತದೆ. ಆನ್‌ಲೈನ್‌ನಲ್ಲೇ ನೋಂದಾಯಿಸಬಹುದು. ಬ್ಯಾಂಕ್, ಗ್ಯಾಸ್, ಇಂಟರ್‌ನೆಟ್ ಸಂಪರ್ಕಕ್ಕೆ ವಿಳಾಸ ತೋರಿಸಲು ಈ ಕಾಗದವೇ ಆಧಾರ.

ಬಾಡಿಗೆ ಇಳಿದಷ್ಟೂ ಪೂರಾ ಉಳಿತಾಯ ಎಂಬುದೂ ತಪ್ಪು ಲೆಕ್ಕ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರ ಎಚ್‌ಆರ್‌ಎ ವಿನಾಯಿತಿಯ ಒಂದು ಮಿತಿಯೇ, ಕೊಟ್ಟ ಬಾಡಿಗೆಯಲ್ಲಿ ಸಂಬಳದ ಶೇ. 10ನ್ನು ಕಳೆದು ಉಳಿದದ್ದು. ಬಾಡಿಗೆ ಕುಗ್ಗಿದರೆ ವಿನಾಯಿತಿಯೂ ಕುಗ್ಗುತ್ತದೆ. ಹೊಸ ಪದ್ಧತಿಯಲ್ಲಂತೂ ಆ ವಿನಾಯಿತಿಯೇ ಇಲ್ಲ. ಕೆಎ ನಂಬರಿನ ಗಾಡಿ ಒಯ್ಯುವವರು ಹನ್ನೆರಡು ತಿಂಗಳು ದಾಟಿದರೆ ಮರುನೋಂದಣಿ ಮಾಡಿಸಲೇಬೇಕು.

“ಕೈಗಾರಿಕೆಯ ಊರು, ಈ ಕೆಲಸ ಹೋದರೂ ಇನ್ನೊಂದು ಸಿಗುತ್ತದೆ”

ಸಂಭಾಜಿನಗರದ ವಾಳೂಜ್‌ನಲ್ಲಿ ಬಜಾಜ್ ಆಟೋ 1985ರಿಂದ ಇದೆ, ಶೇಂದ್ರಾದಲ್ಲಿ ಸ್ಕೋಡಾ ಇದೆ. ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ 2024ರ ಜುಲೈನಲ್ಲಿ ಇಲ್ಲಿ ಹೊಸ ಕಾರ್ಖಾನೆಗಾಗಿ ಒಪ್ಪಂದ ಮಾಡಿಕೊಂಡಿತು. ನಾಸಿಕ್‌ನಲ್ಲಿ ನೋಟು ಮುದ್ರಣಾಲಯ, ಓಝರ್‌ನ ಎಚ್‌ಎಎಲ್, ಸಾತಪುರ–ಅಂಬಡದ ಕಾರ್ಖಾನೆಗಳು. ಇವೆಲ್ಲ ಬಹುಪಾಲು ಯಂತ್ರ, ವಾಹನ, ಔಷಧದ ಕೆಲಸಗಳು. ಕೋಡ್ ಬರೆಯುವವರಿಗೆ ಎರಡನೇ ಬಾಗಿಲು ಪುಣೆಯಲ್ಲೇ ತೆರೆಯುವುದು. ನಾಸಿಕ್‌ನಲ್ಲಿ ಡಬ್ಲ್ಯುಎನ್‌ಎಸ್, ಇಎಸ್‌ಡಿಎಸ್‌ನಂಥ ಕೆಲವು ಕಂಪನಿಗಳಿವೆ, ಅಷ್ಟರಮಟ್ಟಿಗೆ ಅದು ಮುಂದು. ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಳ್ಳದೆ ಎರಡೂ ಕಡೆ ಹೋಗಬೇಡಿ.

“ಕುಂಭಮೇಳ ಅಂದರೆ ನಾಲ್ಕು ದಿನದ ಗದ್ದಲ”

ನಾಸಿಕ್–ತ್ರ್ಯಂಬಕೇಶ್ವರದ ಸಿಂಹಸ್ಥ ಕುಂಭಮೇಳ ಕಳೆದ ಸಲ ನಡೆದದ್ದು 2015ರಲ್ಲಿ. ಈ ಸಲದ್ದಕ್ಕೆ 2026ರ ಅಕ್ಟೋಬರ್ ಕೊನೆಗೆ ಧ್ವಜಾರೋಹಣದ ಮುಹೂರ್ತ, ಮುಖ್ಯ ಸ್ನಾನಗಳು 2027ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ. ರಸ್ತೆ ಅಗೆತ, ಸೇತುವೆ ಕೆಲಸಗಳು ಅದಕ್ಕೂ ಬಹಳ ಮೊದಲೇ ಶುರುವಾಗುತ್ತವೆ. ಪಂಚವಟಿ, ತಪೋವನದ ಕಡೆ ಮನೆ ಹಿಡಿಯುವವರು ಕರಾರಿನ ಅವಧಿ ಆ ತಿಂಗಳುಗಳ ಮೇಲೆ ಬೀಳುತ್ತದೆಯೇ ನೋಡಿಕೊಳ್ಳಬೇಕು.

ಊರನ್ನು ಅಳೆಯಬೇಕಾದದ್ದು ಇಡೀ ವರ್ಷದ ಲೆಕ್ಕದಲ್ಲಿ. ಅಮೆರಿಕದ ಒಕ್ಲಹೋಮದ ಟಲ್ಸಾ ನಗರ 2018ರಿಂದ ಹೊರಗಿನ ರಿಮೋಟ್ ಕೆಲಸಗಾರರನ್ನು ಕರೆಯುತ್ತಿದೆ. ಬಂದವರಿಗೆ ಅಲ್ಲಿನ ಜಾರ್ಜ್ ಕೈಸರ್ ಕುಟುಂಬದ ಪ್ರತಿಷ್ಠಾನ ಹತ್ತು ಸಾವಿರ ಡಾಲರ್ ಕೊಡುತ್ತದೆ, ಆದರೆ ಒಂದು ವರ್ಷ ಅಲ್ಲೇ ಇರಬೇಕು. ಆ ಷರತ್ತು ನನಗೆ ಬಹಳ ಸರಿ ಎನ್ನಿಸುತ್ತದೆ. ಜನವರಿಯಲ್ಲಿ ಹೋಗಿ ವಾರವಿದ್ದು ಮೆಚ್ಚಿದ ಊರು ಮೇ ತಿಂಗಳಲ್ಲಿ ಬೇರೆಯೇ ಆಗಿರುತ್ತದೆ.

“ನಮಗೆ ಪರಕೀಯ ಊರುಗಳು”

ಇದು ನನಗೆ ಎಲ್ಲಕ್ಕಿಂತ ಬೇಸರ ತರುವ ನಂಬಿಕೆ. ಸಂಭಾಜಿನಗರದ ಬಳಿಯ ವೇರೂಳದ, ಅಂದರೆ ಎಲ್ಲೋರಾದ, ಕೈಲಾಸ ದೇಗುಲವನ್ನು ಎಂಟನೇ ಶತಮಾನದಲ್ಲಿ ಕೊರೆಸಿದವನು ರಾಷ್ಟ್ರಕೂಟರ ಒಂದನೇ ಕೃಷ್ಣ. ಅದೇ ವಂಶ ಮುಂದೆ ರಾಜಧಾನಿ ಮಾಡಿಕೊಂಡದ್ದು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನು. ಹತ್ತಿರದ ಚರಿತ್ರೆಯಲ್ಲೂ 1956ರವರೆಗೆ ಔರಂಗಾಬಾದ್, ಬೀದರ್, ಕಲಬುರಗಿ, ರಾಯಚೂರು ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಸೆಪ್ಟೆಂಬರ್ 17ರ ವಿಮೋಚನಾ ದಿನವನ್ನು ಅಲ್ಲಿಯೂ ಇಲ್ಲಿಯೂ ಆಚರಿಸುತ್ತಾರೆ. ಬೀದರ್ ಕಡೆಯವರ ಕಿವಿಗೆ ಸಂಭಾಜಿನಗರದ ದಖನಿ ಉರ್ದು ಮನೆಯ ಮಾತಿನಂತೆಯೇ ಕೇಳುತ್ತದೆ. ಮರಾಠಿಯನ್ನು ಕಲಿಯುವ ಮನಸ್ಸಿದ್ದರೆ ಎರಡು ಊರೂ ಬೇಗ ಹತ್ತಿರವಾಗುತ್ತವೆ.

ದಾರಿಯೂ ಇದೆ. ಅಂಕೋಲೆಯಿಂದ ಯಲ್ಲಾಪುರ, ಹುಬ್ಬಳ್ಳಿ, ವಿಜಯಪುರ ಹಾದು ಬರುವ ರಾಷ್ಟ್ರೀಯ ಹೆದ್ದಾರಿ 52 ಸೋಲಾಪುರ, ಬೀಡ್ ದಾಟಿ ಸಂಭಾಜಿನಗರದ ಮೂಲಕವೇ ಧುಳೆ ಕಡೆಗೆ ಹೋಗುತ್ತದೆ. ಉತ್ತರ ಕರ್ನಾಟಕದಲ್ಲಿ ಅಪ್ಪ ಅಮ್ಮ ಇರುವವರಿಗೆ, ಸ್ವಂತ ಕಾರಿದ್ದು ಸಂಪು ದೊಡ್ಡದಿರುವ ಮನೆ ಸಿಕ್ಕರೆ, ನಾನು ಸಂಭಾಜಿನಗರವನ್ನೇ ಹೇಳುತ್ತೇನೆ. ಮುಂಬೈ ಆಫೀಸಿನ ಹಂಗಿರುವವರಿಗೆ, ಚಿಕ್ಕ ಮಕ್ಕಳಿರುವ ಮನೆಗಳಿಗೆ ನಾಸಿಕ್. ರೈಲಿನಲ್ಲಿ ಊರಿಗೆ ಬರುವವರು ನೆನಪಿಡಬೇಕಾದ ನಿಲ್ದಾಣ ಮನಮಾಡ್. ಬೆಂಗಳೂರು–ದೆಹಲಿಯ ಕರ್ನಾಟಕ ಎಕ್ಸ್‌ಪ್ರೆಸ್ ಎರಡು ನಗರಗಳಲ್ಲಿ ಒಂದಕ್ಕೂ ಬರುವುದಿಲ್ಲ, ಮನಮಾಡ್‌ನಲ್ಲಿ ನಿಂತು ಅಹಿಲ್ಯಾನಗರ, ಸೋಲಾಪುರ, ಕಲಬುರಗಿ ದಾರಿಯಲ್ಲಿ ಇಳಿಯುತ್ತದೆ. ನಾಸಿಕ್ ರೋಡ್‌ನಿಂದ ಮನಮಾಡ್ ಸುಮಾರು 73 ಕಿಲೋಮೀಟರ್, ಸಂಭಾಜಿನಗರದಿಂದ ಸುಮಾರು 113. ಟಿಕೆಟನ್ನು ಮನಮಾಡ್‌ನಿಂದಲೇ ತೆಗೆಯಿರಿ, ಅಲ್ಲಿಗೆ ತಲುಪುವ ರೈಲಿಗೂ ಇದಕ್ಕೂ ನಡುವೆ ಎರಡು ಗಂಟೆ ಬಿಡುವಿರಲಿ.